ಸ್ಕ್ರೀನ್ ಮುದ್ರಣದ ದ್ಯುತಿಸಂವೇದಿ ಲೇಪನ

ಸ್ಕ್ರೀನ್ ಮುದ್ರಣದ ದ್ಯುತಿಸಂವೇದಿ ಲೇಪನವು ಬೆಳಕು ಬಿದ್ದಲ್ಲಿ ಗಟ್ಟಿಯಾಗುವ, ಬೀಳದಲ್ಲಿ ನೀರಿಗೆ ತೊಳೆದುಹೋಗುವ ರಾಸಾಯನಿಕ ಮಿಶ್ರಣ. ಮುದ್ರಕರು ಇದನ್ನು ಎಮಲ್ಷನ್ ಎನ್ನುತ್ತಾರೆ. ಕರ್ನಾಟಕದ ಪಟ್ಟಣಗಳಲ್ಲಿ ಮದುವೆಯ ಆಮಂತ್ರಣ ಪತ್ರಿಕೆ, ಬಟ್ಟೆಚೀಲ ಮುಂತಾದವುಗಳ ಮುದ್ರಣಕ್ಕೆ ಈ ವಿಧಾನ ಬಳಕೆಯಲ್ಲಿದೆ.

ಇತಿಹಾಸ

ಪೊಟ್ಯಾಸಿಯಂ ಡೈಕ್ರೋಮೇಟ್ ಲೇಪಿಸಿದ ಕಾಗದವು ಬೆಳಕಿಗೆ ಬಣ್ಣ ಬದಲಿಸುವುದನ್ನು ಸ್ಕಾಟ್ಲೆಂಡಿನ ಮಂಗೋ ಪಾಂಟನ್ 1839ರಲ್ಲಿ ಪ್ರಕಟಿಸಿದರು. ಡೈಕ್ರೋಮೇಟ್ ಬೆರೆಸಿದ ಜೆಲಾಟಿನ್ ಬೆಳಕಿನಿಂದ ಕರಗದಂತಾಗುವುದನ್ನು ಇಂಗ್ಲೆಂಡಿನ ಫಾಕ್ಸ್ ಟಾಲ್ಬಾಟ್ 1852ರಲ್ಲಿ ಮುದ್ರಣಫಲಕ ತಯಾರಿಕೆಗೆ ಬಳಸಿಕೊಂಡರು.

ಕಾರ್ಯವಿಧಾನ

ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ಮಂದವಾದ ಹಳದಿ ಬೆಳಕಿನಲ್ಲಿ ಎಮಲ್ಷನ್ ಬಳಿದು ಒಣಗಿಸುತ್ತಾರೆ. ಕಪ್ಪು ಅಕ್ಷರಗಳುಳ್ಳ ಪಾರದರ್ಶಕ ಫಿಲ್ಮನ್ನು ಅದಕ್ಕೆ ಒತ್ತಿಟ್ಟು ಬಿಸಿಲಿಗೆ ಅಥವಾ ನೇರಳಾತೀತ ದೀಪಕ್ಕೆ ಒಡ್ಡುತ್ತಾರೆ. ಬೆಳಕು ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರು ವೇಲೆನ್ಸಿಗೆ ಇಳಿಸುತ್ತದೆ. ಅದು ಜೆಲಾಟಿನ್ ಅಥವಾ ಪಾಲಿವಿನೈಲ್ ಆಲ್ಕೊಹಾಲಿನ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅಕ್ಷರಗಳ ನೆರಳಿನಲ್ಲಿ ಉಳಿದ ಭಾಗ ನೀರಿನಲ್ಲಿ ತೊಳೆದುಹೋಗಿ ಜಾಲರಿ ತೆರೆದುಕೊಳ್ಳುತ್ತದೆ. ಶಾಯಿ ಆ ದಾರಿಯಿಂದಲೇ ಇಳಿಯುತ್ತದೆ.

ವಿಧಗಳು

* ಡೈಕ್ರೋಮೇಟ್: ಅಗ್ಗ. ಬೆರೆಸಿದ ಮೇಲೆ ಕತ್ತಲಲ್ಲಿಯೂ ನಿಧಾನವಾಗಿ ಗಟ್ಟಿಯಾಗುವುದರಿಂದ ಬೇಗನೆ ಬಳಸಬೇಕು.
* ಡಯಾಜೊ: ಬೆರೆಸಿದ ಮೇಲೆ ತಂಪಿನಲ್ಲಿ ಹಲವು ವಾರ ಬಾಳುತ್ತದೆ, ಕ್ರೋಮಿಯಂ ಇರುವುದಿಲ್ಲ.
* ಫೋಟೊಪಾಲಿಮರ್: ಬೆರೆಸುವ ಅಗತ್ಯವಿಲ್ಲ, ಕಡಿಮೆ ಸಮಯದ ಬೆಳಕು ಸಾಕು.

ಸುರಕ್ಷತೆ

ಆರು ವೇಲೆನ್ಸಿಯ ಕ್ರೋಮಿಯಂ ಸಂಯುಕ್ತಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮದಲ್ಲಿ ಅಲರ್ಜಿ ಹಾಗೂ ಆಳವಾದ ಹುಣ್ಣುಗಳಾಗಬಹುದು. ಕೈಗವಸು ಧರಿಸುವುದು, ಪುಡಿಯನ್ನು ಉಸಿರಾಡದಿರುವುದು, ಉಳಿದ ದ್ರಾವಣವನ್ನು ಚರಂಡಿಗೆ ಸುರಿಯದಿರುವುದು ಅಗತ್ಯ. ಸಾಧ್ಯವಿರುವಲ್ಲಿ ಡಯಾಜೊ ಅಥವಾ ಫೋಟೊಪಾಲಿಮರ್ ಬಳಸಿದರೆ ಈ ಅಪಾಯವನ್ನು ಮೂಲದಲ್ಲಿಯೇ ತಪ್ಪಿಸಬಹುದು.