‘ಪಿಎಫ್ ಬೇಡ ಅಂತ ಬರೆದುಕೊಡಿ, ದುಡ್ಡು ಕೈಗೇ ಕೊಡ್ತೀವಿ’: ಈ ಮಾತಿಗೆ ಒಪ್ಪಬಹುದೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಅಂಗಡಿ, ಮಿಲ್ಲು, ಖಾಸಗಿ ಶಾಲೆಗಳಲ್ಲಿ ದುಡಿಯುವವರಿಗೂ, ಇಲ್ಲಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೂ ಈ ಮಾತು ಹೊಸದಲ್ಲ. ‘ಪಿಎಫ್ ಹಿಡಿದರೆ ನಿಮಗೇ ಲುಕ್ಸಾನು’ ಎಂದು ಸಾವ್ಕಾರರು ಹೇಳುತ್ತಾರೆ. ಇದು ನಿಜವೇ?

ಮೊದಲು ಒಂದು ಗೊಂದಲ ಬಿಡಿಸೋಣ. ಸಂಬಳವನ್ನು ನಗದಾಗಿ ಕೊಡುವುದೇ ತಪ್ಪಲ್ಲ. ಕೊಟ್ಟಿದ್ದನ್ನು ಪುಸ್ತಕದಲ್ಲಿ ತೋರಿಸದಿರುವುದು ತಪ್ಪು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯೊಳಗೆ ಸಂಬಳ ಪಡೆಯುವವರು ‘ಬೇಡ’ ಎಂದು ಬರೆದುಕೊಟ್ಟರೂ ಅದಕ್ಕೆ ಬೆಲೆಯಿಲ್ಲ. ಮಾಲೀಕರ ಹೊಣೆ ತಪ್ಪುವುದಿಲ್ಲ.

ಹೆಚ್ಚು ನಡೆಯುವುದು ಎರಡು ಲೆಕ್ಕದ ಆಟ. ಸಂಬಳ 15,000, ಪುಸ್ತಕದಲ್ಲಿ 10,000, ಉಳಿದ 5,000 ಕವರ್‌ನಲ್ಲಿ ಎಂದಿಟ್ಟುಕೊಳ್ಳಿ. ಮಾಲೀಕರು ಶೇ 12ರಂತೆ 1,800 ಕಟ್ಟಬೇಕಿದ್ದಲ್ಲಿ 1,200 ಕಟ್ಟುತ್ತಾರೆ. ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ ನಿಮ್ಮದಾಗಬೇಕಿದ್ದ ಹಣ ಅವರಲ್ಲೇ ಉಳಿಯಿತು. ಪಿಂಚಣಿಯ ಲೆಕ್ಕವೂ ಪುಸ್ತಕದ ಸಂಬಳದ ಮೇಲೆಯೇ. 15 ವರ್ಷದ ಸೇವೆಗೆ ತಿಂಗಳಿಗೆ ಸುಮಾರು 3,214 ಬರಬೇಕಾದವರಿಗೆ 2,143 ಬರುತ್ತದೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ಸಿಗುವ ವಿಮೆಯ ಮುಖ್ಯ ಭಾಗ ಸಂಬಳದ 35 ಪಟ್ಟು. 5,25,000 ಆಗಬೇಕಿದ್ದದ್ದು 3,50,000ಕ್ಕೆ ಇಳಿಯುತ್ತದೆ. ಕವರ್ ಕೊಡುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಇನ್ನು ಕೆಲವರು ಪಿಎಫ್ ತೋರಿಸಿ ಮಾಲೀಕರ ಪಾಲನ್ನೂ ನೌಕರರ ಸಂಬಳದಿಂದಲೇ ಮುರಿಯುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ.

ಊಟ, ರೂಮು, ಹಬ್ಬಕ್ಕೆ ಬಟ್ಟೆ ಒಳ್ಳೆಯದೇ. ಆದರೆ ಮುಂಗಡದ ವಿಷಯ ಬೇರೆ. ‘ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ’ ಎಂದು ಕಟ್ಟಿಹಾಕಿದರೆ ಅದು 1976ರ ಕಾಯ್ದೆ ನಿಷೇಧಿಸಿದ ಜೀತ.

ನಮ್ಮ ಊರುಗಳ ಬಹಳಷ್ಟು ಅಂಗಡಿಗಳಲ್ಲಿ 20 ಜನ ಇರುವುದಿಲ್ಲ, ನಿಜ. ಅಲ್ಲಿ ಪಿಎಫ್ ಕೇಳಲಾಗದು. ಕನಿಷ್ಠ ವೇತನ ಕೇಳಬಹುದು, ಅದಕ್ಕೆ ಇಷ್ಟೇ ಜನ ಇರಬೇಕೆಂಬ ಷರತ್ತಿಲ್ಲ. ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ಕೇಳಿದರೆ ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಅದಕ್ಕೇ ಜಗಳಕ್ಕೆ ಮೊದಲು ಸಾಕ್ಷಿ ಕೂಡಿಡಿ: ಹಾಜರಿ ಪುಸ್ತಕದ ಫೋಟೊ, ವಾಟ್ಸ್ಆ್ಯಪ್ ಸಂದೇಶ, ಫೋನ್‌ಪೇ ವಿವರ, ಯಾವ ದಿನ ಎಷ್ಟು ಕೊಟ್ಟರೆಂಬ ಡೈರಿ. ವೇತನ ಸಂಹಿತೆಯಡಿ ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ‘ಕೊಟ್ಟಿದ್ದೇನೆ’ ಎಂದು ತೋರಿಸಬೇಕಾದವರು ಮಾಲೀಕರೇ. ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಉಮಂಗ್ ಆ್ಯಪ್‌ನ ಪಾಸ್‌ಬುಕ್‌ನಲ್ಲಿ ನೀವೇ ನೋಡಬಹುದು. ಅದರ ದೂರು ಬಳ್ಳಾರಿಯ ಪಿಎಫ್ ಕಚೇರಿಗೆ, ಸಂಬಳದ ದೂರು ಕಾರ್ಮಿಕ ನಿರೀಕ್ಷಕರಿಗೆ.