ಲೌಂಜ್ ಬಾಗಿಲಲ್ಲಿ ಕಿನ್ನಾಳದ ಅಜ್ಜ: ಕಾಯುವ ಕೋಣೆಯ ಕಥೆ

ಕರಕುಶಲ ಮೇಳ ಮುಗಿಸಿಕೊಂಡು ಊರಿಗೆ ಹೊರಟಿದ್ದೆವು. ನಾವಿಬ್ಬರು ಗೆಳೆಯರು, ಜೊತೆಗೆ ಕಿನ್ನಾಳದ ಚಿತ್ರಗಾರ ಅಜ್ಜ. ಅವರಿಗೆ ಅದು ಮೊದಲ ವಿಮಾನ ಪ್ರಯಾಣ. ದೊಡ್ಡ ನಿಲ್ದಾಣ, ಹುಬ್ಬಳ್ಳಿಗೆ ಒಂದು ತಾಸಿನ ಹಾರಾಟ. ವಿಮಾನ ಬಿಡಲು ಇನ್ನೂ ಎರಡು ತಾಸು ಇತ್ತು.

ಮೇಲಿನ ಅಂತಸ್ತಿನಲ್ಲಿ ಲೌಂಜ್ ಇತ್ತು. ಲೌಂಜ್ ಅಂದರೆ ವಿಮಾನ ಹತ್ತುವ ಮುಂಚೆ ಕೂತು ಊಟ, ಚಹಾ ಮಾಡುವ ಕೋಣೆ. ಮೆತ್ತನೆಯ ಕುರ್ಚಿ, ಫೋನ್ ಚಾರ್ಜಿಂಗ್ ಎಲ್ಲ ಇರುತ್ತದೆ. ನಮ್ಮ ಡೆಬಿಟ್ ಕಾರ್ಡ್ ಉಜ್ಜಿದರೆ ಎರಡು ರೂಪಾಯಿ ಕಡಿತ, ಒಳಗೆ ಎಲ್ಲವೂ ಪುಕ್ಕಟೆ. ಅಜ್ಜನ ಹತ್ತಿರವೂ ರುಪೇ ಕಾರ್ಡ್ ಇತ್ತು. ಆದರೆ ಅದು ಸಾದಾ ಕಾರ್ಡ್, ನಡೆಯಲಿಲ್ಲ. ಒಂದು ಕಾರ್ಡಿಗೆ ಒಬ್ಬರೇ. ರೊಕ್ಕ ಕೊಟ್ಟು ಹೋಗಬಹುದಿತ್ತು, ಆದರೆ ಸಾವಿರದ ಮೇಲೆ.

"ಅಷ್ಟ್ ರೊಕ್ಕ ಬರಾಕ ನಾ ಎಷ್ಟ್ ಗೊಂಬಿ ಮಾಡ್ಬೇಕು ತಮ್ಮಾ? ನೀವ್ ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಅಂದರು ಅಜ್ಜ.

ಆ ಬಾಗಿಲು ನಮಗೆ ತೆರೆಯಿತು, ಅವರಿಗೆ ತೆರೆಯಲಿಲ್ಲ. ಯಾಕೆ ಹೀಗೆ ಎಂದು ಊರಿಗೆ ಬಂದ ಮೇಲೆ ಹುಡುಕುತ್ತ ಹೋದೆವು. ಇದು ಹಳೆಯ ಕಥೆ.

ರೈಲಿನ ಕಾಲ

1876–78ರ ಭೀಕರ ಬರದ ನಂತರ ನಮ್ಮ ಭಾಗಕ್ಕೆ ರೈಲು ಬೇಕೆಂದು ಬ್ರಿಟಿಷರಿಗೆ ಅನಿಸಿತು. ಬರ ಬಂದಾಗ ಕಾಳು ಸಾಗಿಸಲು ದಾರಿ ಇರಲಿ ಎಂಬುದು ಒಂದು ಮುಖ್ಯ ಕಾರಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಹಳಿ ಗದಗದಿಂದ ಕೊಪ್ಪಳದ ಮೇಲೆ ಹೊಸಪೇಟೆಗೆ ಹೋಯಿತು.

ರೈಲಿನ ಜೊತೆಗೇ ಕಾಯುವ ಕೋಣೆಯೂ ಬಂತು. ಮೇಲ್ದರ್ಜೆಯವರಿಗೆ ಕುರ್ಚಿ ಇರುವ ಕೋಣೆ, ಮೂರನೇ ದರ್ಜೆಯವರಿಗೆ ಗಂಟುಮೂಟೆ ಇಟ್ಟುಕೊಂಡು ಕೂರುವ ನೆಲ. ಮೂರನೇ ದರ್ಜೆಯ ಪ್ರಯಾಣಿಕರ ಪಾಡಿನ ಬಗ್ಗೆ ಗಾಂಧೀಜಿ 1917ರಲ್ಲೇ ಬರೆದರು. ಮೂರನೇ ದರ್ಜೆ ಹೋಗಿದ್ದು 1974ರಲ್ಲಿ.

ಆಹ್ವಾನ ಇದ್ದವರಿಗೆ ಮಾತ್ರ

ವಿಮಾನ ಕಂಪನಿಯ ಲೌಂಜ್ ಹುಟ್ಟಿದ್ದು ಅಮೆರಿಕದಲ್ಲಿ. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ 'ಅಡ್ಮಿರಲ್ಸ್ ಕ್ಲಬ್' ತೆರೆಯಿತು. ಕಂಪನಿ ಕರೆದವರಿಗೆ ಮಾತ್ರ ಪ್ರವೇಶ. ಎಷ್ಟೋ ವರ್ಷಗಳ ನಂತರ ಶುಲ್ಕ ಕಟ್ಟಿದವರಿಗೂ ಸದಸ್ಯತ್ವ ಸಿಕ್ಕಿತು.

ಆಗ ನಮ್ಮ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ಸಂಸ್ಥಾನಕ್ಕೂ ಒಂದು ವಿಮಾನ ಕಂಪನಿ ಇತ್ತು ಎಂದರೆ ನಂಬುತ್ತೀರಾ? ನಿಜಾಮ ಸರ್ಕಾರ ಮತ್ತು ಟಾಟಾ ಸೇರಿ 1945ರಲ್ಲಿ ಕಟ್ಟಿದ ಡೆಕ್ಕನ್ ಏರ್‌ವೇಸ್ ಅದು. ಹೈದರಾಬಾದಿನ ಬೇಗಂಪೇಟೆ ಅದರ ನೆಲೆ. 1953ರಲ್ಲಿ ಅದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. ನಮ್ಮ ಹಿರಿಯರು ಆ ಸಂಸ್ಥಾನದ ಪ್ರಜೆಗಳು, ಆದರೆ ವಿಮಾನ ಅವರಿಗೆ ತಲೆ ಎತ್ತಿ ನೋಡುವ ವಸ್ತುವಾಗಿತ್ತು.

ಲೌಂಜ್ ಇಲ್ಲದ ವಿಮಾನ

ಇದನ್ನು ಬದಲಿಸಲು ಹೊರಟವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹಾರಾಟ ಶುರು ಮಾಡಿತು. ಬೆಂಗಳೂರು–ಹುಬ್ಬಳ್ಳಿ ಅದರ ಮೊದಮೊದಲ ಮಾರ್ಗಗಳಲ್ಲಿ ಒಂದು. ಎಲ್ಲರಿಗೂ ಒಂದೇ ದರ್ಜೆ. ಪುಕ್ಕಟೆ ಊಟವಿಲ್ಲ, ಬೇಕಾದರೆ ಕೊಂಡು ತಿನ್ನಬೇಕು. ಲೌಂಜಿನ ಮಾತೇ ಇಲ್ಲ. ಅದನ್ನೆಲ್ಲ ಬಿಟ್ಟಿದ್ದರಿಂದ ಟಿಕೆಟ್ ಅಗ್ಗವಾಯಿತು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದರು. 'ಸೂರರೈ ಪೋಟ್ರು' ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು.

2005ರಲ್ಲಿ ಅದೇ ಬೆಂಗಳೂರಿನಿಂದ ಕಿಂಗ್‌ಫಿಷರ್ ಬಂತು. ಅದರದ್ದು ತದ್ವಿರುದ್ಧ ದಾರಿ: ಊಟ, ಉಪಚಾರ, ಮೇಲ್ದರ್ಜೆಯವರಿಗೆ ಲೌಂಜ್. ನಷ್ಟದಲ್ಲಿದ್ದ ಡೆಕ್ಕನ್‌ನಲ್ಲಿ 2007ರಲ್ಲಿ ಅದು ಪಾಲು ಕೊಂಡಿತು. ಮರುವರ್ಷ ಡೆಕ್ಕನ್ ಹೆಸರೇ ಹೋಗಿ 'ಕಿಂಗ್‌ಫಿಷರ್ ರೆಡ್' ಆಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. ಅಗ್ಗದ್ದೂ ಉಳಿಯಲಿಲ್ಲ, ವೈಭವದ್ದೂ ಉಳಿಯಲಿಲ್ಲ. ಆದರೆ ಏರ್ ಡೆಕ್ಕನ್ ಹಾಕಿದ ದಾರಿ ಉಳಿಯಿತು. ಇವತ್ತು ದೇಶದಲ್ಲಿ ಹೆಚ್ಚು ಜನ ಹತ್ತುವುದು ಅಗ್ಗದ ವಿಮಾನಗಳನ್ನೇ.

2017ರಲ್ಲಿ ಉಡಾನ್ ಯೋಜನೆ ಶುರುವಾಯಿತು. ಒಂದು ತಾಸಿನ ಹಾರಾಟಕ್ಕೆ ಕೆಲವು ಸೀಟುಗಳ ದರ ಸುಮಾರು 2,500 ರೂಪಾಯಿ ಎಂಬ ಮಿತಿ ಬಂತು. ಅದೇ ವರ್ಷ ನಮಗೆ ಹತ್ತಿರದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಹೈದರಾಬಾದಿಗೆ ವಿಮಾನ ಹಾರಿತು.

ಈಗ ಕಾರ್ಡ್ ನೋಡುತ್ತಾರೆ

ಮೊದಲು ಕಂಪನಿಯ ಆಹ್ವಾನ ನೋಡುತ್ತಿದ್ದರು. ನಂತರ ಟಿಕೆಟಿನ ದರ್ಜೆ ನೋಡಿದರು. ಈಗ ಬ್ಯಾಂಕಿನ ಕಾರ್ಡನ್ನೂ ನೋಡುತ್ತಾರೆ. ಒಂದೇ ದರದ ಟಿಕೆಟ್ ಇದ್ದರೂ ಕಾರ್ಡ್ ಬೇರೆಯಾದರೆ ಒಬ್ಬರು ಒಳಗೆ, ಒಬ್ಬರು ಹೊರಗೆ. ಹಳ್ಳಿಯ ಎಷ್ಟೋ ಹುಡುಗರು ಇದರಿಂದಲೇ ಲೌಂಜ್ ನೋಡಿದ್ದಾರೆ, ಅದು ಸುಳ್ಳಲ್ಲ. ಆದರೆ ಒಳ್ಳೆಯ ಕಾರ್ಡನ್ನು ಬ್ಯಾಂಕು ಕೊಡುವುದು ತಿಂಗಳ ಪಗಾರ ಇದ್ದವರಿಗೆ, ಖಾತೆಯಲ್ಲಿ ರೊಕ್ಕ ಓಡಾಡುವವರಿಗೆ. ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಸವರಿ, ಬಣ್ಣ ಹಚ್ಚಿ ಗೊಂಬೆ ಮಾಡುವವರಿಗೆ ಮೇಳ ಇದ್ದಾಗ ರೊಕ್ಕ, ಇಲ್ಲದಾಗ ಇಲ್ಲ.

ನಿಮ್ಮ ಮನೆಯವರು ವಿಮಾನದಲ್ಲಿ ಹೊರಟಿದ್ದರೆ ಮೊದಲೇ ಬ್ಯಾಂಕಿನಲ್ಲಿ ಕೇಳಿ: ಈ ಕಾರ್ಡಿಗೆ ಲೌಂಜ್ ಇದೆಯೇ, ಮೂರು ತಿಂಗಳಿಗೆ ಎಷ್ಟು ಸಲ, ಇಂತಿಷ್ಟು ಖರ್ಚು ಮಾಡಿರಬೇಕು ಎಂಬ ಷರತ್ತು ಇದೆಯೇ? ಬಾಗಿಲವರೆಗೆ ಹೋಗಿ ಹಿಂದೆ ಬರುವುದು ತಪ್ಪುತ್ತದೆ.

ಅವತ್ತು ನಮ್ಮಲ್ಲಿ ಒಬ್ಬರು ಹತ್ತು ನಿಮಿಷ ಒಳಗೆ ಹೋಗಿ ಬಂದೆವು. ಬಂದಾಗ ಅಜ್ಜ ಗೇಟಿನ ಹತ್ತಿರದ ಕುರ್ಚಿಯಲ್ಲಿ ಬುತ್ತಿ ಬಿಚ್ಚಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ಒಳಗ ಏನೈತಿ?" ಅಂದರು.

"ಇಡ್ಲಿ, ಉಪ್ಪಿಟ್ಟು, ಕಾಫಿ ಅದಾವ್ರಿ ಅಜ್ಜಾರ."

"ರೊಟ್ಟಿ ಇಲ್ಲೇನು?" ಎಂದು ಕೇಳಿ, ನಮ್ಮ ಕೈಗೂ ಒಂದೊಂದು ರೊಟ್ಟಿ ಇಟ್ಟರು.