ಗುರುತು ಹತ್ತದ ಪೆನ್ ಡ್ರೈವ್

‘ಪೆನ್ ಡ್ರೈವ್ ಡಿಟೆಕ್ಟ್ ಆಗ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಸುತ್ತಲಿನವರ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: ಅದು ಹೋಯ್ತು, ಬೇರೆ ತಗೊಳ್ಳಿ. ಯುಎಸ್‌ಬಿಯ ಚರಿತ್ರೆಯನ್ನು ನೋಡಿದರೆ ಈ ತೀರ್ಪು ಆತುರದ್ದು ಅನ್ನಿಸುತ್ತದೆ. ಕಂಪ್ಯೂಟರ್ ಒಂದು ಪೆನ್ ಡ್ರೈವನ್ನು ಗುರುತಿಸುವುದೆಂದರೆ ಒಂದೇ ಕೆಲಸವಲ್ಲ. ವಿದ್ಯುತ್ ಸಿಗಬೇಕು, ಪರಿಚಯ ಆಗಬೇಕು, ಡ್ರೈವರ್ ಹೊಂದಬೇಕು, ಡ್ರೈವ್ ಅಕ್ಷರ ಸಿಗಬೇಕು, ಒಳಗಿನ ಕಡತ ವ್ಯವಸ್ಥೆ ಅರ್ಥವಾಗಬೇಕು, ಕೊನೆಗೆ ಅನುಮತಿಯೂ ಇರಬೇಕು. ಈ ಮೆಟ್ಟಿಲುಗಳನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಕಾರಣಕ್ಕೆ ಕಟ್ಟಿದವು. ಯಾವ ಮೆಟ್ಟಿಲಲ್ಲಿ ಎಡವಿದರೂ ಬಳಸುವವರಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಮೌನ. ಹಾಗಾಗಿ ದೋಷ ಹುಡುಕುವವರಿಗೆ ಈ ಮೆಟ್ಟಿಲುಗಳ ಚರಿತ್ರೆ ತಿಳಿದಿರುವುದು ಕೆಲಸಕ್ಕೆ ಬರುವ ವಿದ್ಯೆ ಎಂಬುದು ನನ್ನ ವಾದ.

ಯುಎಸ್‌ಬಿಗೆ ಮುಂಚೆ ಮೋಡೆಮ್, ಪ್ರಿಂಟರ್, ಸ್ಕ್ಯಾನರ್ ಒಂದೊಂದಕ್ಕೂ ಒಂದೊಂದು ಬಗೆಯ ಸಂಪರ್ಕವಿತ್ತು. ಹೊಸ ಕಾರ್ಡ್ ಹಾಕುವವರು ಅದರ ಮೇಲಿನ ಜಂಪರ್ ಎಂಬ ಪುಟ್ಟ ಪಿನ್ ಮುಚ್ಚಳಗಳನ್ನು ಹೊಂದಿಸಬೇಕಿತ್ತು; ಎರಡು ಸಾಧನಗಳು ಒಂದೇ ಇಂಟರಪ್ಟ್ ಸಂಖ್ಯೆಗೆ ಬಿದ್ದರೆ ಎರಡೂ ಕೆಡುತ್ತಿದ್ದವು. ಈ ಕಷ್ಟ ತಪ್ಪಿಸಲೆಂದು ಇಂಟೆಲ್, ಮೈಕ್ರೋಸಾಫ್ಟ್, ಕಾಂಪ್ಯಾಕ್, ಐಬಿಎಂ, ಡಿಇಸಿ, ಎನ್‌ಇಸಿ, ನಾರ್ಟೆಲ್ ಎಂಬ ಏಳು ಕಂಪನಿಗಳು ಸೇರಿ 1996ರ ಜನವರಿಯಲ್ಲಿ ಯುಎಸ್‌ಬಿ 1.0 ಮಾನದಂಡವನ್ನು ಹೊರತಂದವು. ಇಂಟೆಲ್‌ನಲ್ಲಿ ಇದರ ಮುಂದಾಳತ್ವ ವಹಿಸಿದ ಅಜಯ್ ಭಟ್ ಬರೋಡಾದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಬಳಸುವವರಿಗೆ ಏನೂ ಗೊತ್ತಿರಬೇಕಾಗಿಲ್ಲ, ಸಿಕ್ಕಿಸಿದರೆ ಸಾಕು ಎಂಬುದು ಯೋಜನೆಯ ತಿರುಳು. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಜಂಪರಿನ ಜೊತೆಗೆ, ಏನು ಕೆಟ್ಟಿದೆ ಎಂದು ತಿಳಿಯುವ ದಾರಿಯೂ ಕಣ್ಮರೆಯಾಯಿತು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಸಿಕ್ಕಿಸಿದೊಡನೆ ಪರದೆ ನೀಲಿಯಾಗಿ ಯಂತ್ರ ನಿಂತಿತು. ತಯಾರಿಸಿದವರ ಕೈಯಲ್ಲೇ ಹಾಗಾದ ಮೇಲೆ, ಈ ಸರಳತೆಯ ಹಿಂದೆ ಎಷ್ಟು ಕೆಲಸ ಅಡಗಿದೆ ಎಂಬುದು ಎಲ್ಲರಿಗೂ ಗೊತ್ತಾಗಬೇಕಿತ್ತು.

ಅಡಗಿರುವ ಆ ಕೆಲಸದ ಮೊದಲ ಭಾಗವನ್ನು ಕಣ್ಣಿಂದಲೇ ನೋಡಬಹುದು. ಯಾವುದಾದರೂ ಹಳೆಯ ಪೆನ್ ಡ್ರೈವಿನ ಚಪ್ಪಟೆ ತುದಿಯೊಳಗೆ ಇಣುಕಿ. ನಾಲ್ಕು ತಾಮ್ರದ ಪಟ್ಟಿಗಳಿವೆ. ಅಂಚಿನ ಎರಡು ಪಟ್ಟಿಗಳು ತುಸು ಮುಂದಕ್ಕೆ ಚಾಚಿವೆ, ನಡುವಿನ ಎರಡು ಹಿಂದಿವೆ. ಅಂಚಿನವು ವಿದ್ಯುತ್ತಿಗೆ, ನಡುವಿನವು ದತ್ತಾಂಶಕ್ಕೆ. ಸಿಕ್ಕಿಸುವಾಗ ಮೊದಲು ವಿದ್ಯುತ್ ಮುಟ್ಟಿ, ಆಮೇಲೆ ಮಾತುಕತೆ ಶುರುವಾಗಲಿ ಎಂದೇ ಹೀಗೆ ಮಾಡಿದ್ದಾರೆ. ವಿದ್ಯುತ್ ಸಿಕ್ಕ ಸಾಧನ 1.5 ಕಿಲೋ ಓಮ್‌ನ ಒಂದು ರೆಸಿಸ್ಟರ್ ಮೂಲಕ ದತ್ತಾಂಶದ ತಂತಿಯೊಂದನ್ನು ಮೇಲಕ್ಕೆಳೆದು ತಾನು ಬಂದಿರುವುದನ್ನು ತಿಳಿಸುತ್ತದೆ. ಕಂಪ್ಯೂಟರ್ ಅದನ್ನು ರೀಸೆಟ್ ಮಾಡಿ, ನೀನು ಯಾರು, ಯಾವ ಜಾತಿಯ ಸಾಧನ, ಎಷ್ಟು ಕರೆಂಟ್ ಬೇಕು ಎಂದು ಕೇಳುತ್ತದೆ. 1ರಿಂದ 127ರೊಳಗಿನ ಒಂದು ವಿಳಾಸ ಕೊಡುತ್ತದೆ. ಪಟ್ಟಿಗೆ ದೂಳು ಕೂತಿದ್ದರೆ, ಪೋರ್ಟ್ ಸಡಿಲವಾಗಿದ್ದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ‘ಯುಎಸ್‌ಬಿ ಸಾಧನ ಗುರುತಾಗಲಿಲ್ಲ’ ಎಂಬ ವಿಂಡೋಸ್ ಸಂದೇಶ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ಹಾಕಿ ನೋಡಿ ಎಂದು ರಿಪೇರಿಯವರು ಹೇಳುವುದರಲ್ಲಿ ಅರ್ಥವಿದೆ: ಹಿಂದಿನ ಪೋರ್ಟುಗಳು ನೇರವಾಗಿ ಮದರ್‌ಬೋರ್ಡಿಗೇ ಬೆಸೆದವು, ಮುಂದಿನವು ಒಂದು ತೆಳು ಕೇಬಲ್ಲಿನ ತುದಿಯಲ್ಲಿರುವಂಥವು. ಪೋರ್ಟಬಲ್ ಹಾರ್ಡ್ ಡಿಸ್ಕಿನ ಪಾಡು ಇನ್ನೂ ಸೂಕ್ಷ್ಮ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಗೆ ಅದು ಸಾಲದೆ ಹೋಗಬಹುದು. ಆಗ ಟಿಕ್ ಟಿಕ್ ಸದ್ದು ಬರುತ್ತದೆಯೇ ಹೊರತು ಡ್ರೈವ್ ಕಾಣಿಸದು. ಎರಡು ಪ್ಲಗ್ಗುಗಳ ಕೇಬಲ್ ಮಾರುಕಟ್ಟೆಗೆ ಬಂದದ್ದು ಈ ಕೊರತೆ ತುಂಬಲು. 2008ರ ಯುಎಸ್‌ಬಿ 3.0 ಈ ಮಿತಿಯನ್ನು 900ಕ್ಕೆ ಏರಿಸಿತು.

ಪೆನ್ ಡ್ರೈವ್ ಬಂದದ್ದು 2000ದಲ್ಲಿ. ಸಿಂಗಪುರದ ಟ್ರೆಕ್ ಕಂಪನಿ ಆ ವರ್ಷದ ಆರಂಭದಲ್ಲಿ ಜರ್ಮನಿಯ ಸೀಬಿಟ್ ಮೇಳದಲ್ಲಿ ತನ್ನದನ್ನು ತೋರಿಸಿತು. ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿದ 8 ಎಂಬಿಯ ಸಾಧನವನ್ನು ವರ್ಷದ ಕೊನೆಗೆ ಐಬಿಎಂ ಮಾರಿತು. 1.44 ಎಂಬಿಯ ಫ್ಲಾಪಿ ಬಳಸುತ್ತಿದ್ದವರಿಗೆ ಅದೇ ದೊಡ್ಡದು. ವಿಂಡೋಸ್ 98ರಲ್ಲಿ ಇಂಥ ಸಾಧನಗಳಿಗೆಲ್ಲ ಹೊಂದುವ ಡ್ರೈವರ್ ಇರಲಿಲ್ಲ, ಜೊತೆಗೆ ಬಂದ ಸಿ.ಡಿ.ಯಿಂದ ಹಾಕಿಕೊಳ್ಳಬೇಕಿತ್ತು. ವಿಂಡೋಸ್ 2000 ಮತ್ತು ಎಂಇ ಬಂದ ಮೇಲೆ ಆ ತೊಡಕು ತೀರಿತು. ಹೊಸ ತೊಡಕು ಅಕ್ಷರದ್ದು. ವಿಂಡೋಸ್ ಎಕ್ಸ್‌ಪಿ ಹೊಸ ಡ್ರೈವಿಗೆ ಅಕ್ಷರ ಕೊಡುವಾಗ ನೆಟ್‌ವರ್ಕ್ ಡ್ರೈವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಚೇರಿಯಲ್ಲಿ ಎಫ್ ಅಕ್ಷರ ಆಗಲೇ ನೆಟ್‌ವರ್ಕಿಗೆ ಹೋಗಿದ್ದರೆ, ಪೆನ್ ಡ್ರೈವೂ ಅದೇ ಎಫ್ ಪಡೆದು ಅದರ ಹಿಂದೆ ಮರೆಯಾಗುತ್ತಿತ್ತು. ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅಕ್ಷರ ಬದಲಿಸಿದರೆ ಸಾಕಾಗಿದ್ದ ಈ ದೋಷಕ್ಕೆ ಎಷ್ಟು ಒಳ್ಳೆಯ ಡ್ರೈವುಗಳು ಕಸದ ಬುಟ್ಟಿ ಸೇರಿರಬಹುದೆಂದು ನೆನೆದರೆ ಸಂಕಟವಾಗುತ್ತದೆ. ನಮ್ಮಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ, ಪುಸ್ತಕದ ಪುಟ ಎಲ್ಲವೂ ಡಿಟಿಪಿ ಅಂಗಡಿಯಿಂದ ಪ್ರೆಸ್ಸಿಗೆ ಹೋಗುತ್ತಿದ್ದದ್ದು ಈ ಡ್ರೈವುಗಳಲ್ಲೇ.

ಮುಂದಿನ ಎರಡು ಅಡ್ಡಿಗಳು ಬಂದದ್ದು ಗಾತ್ರದಿಂದ ಮತ್ತು ಭಯದಿಂದ. ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದು. ಅದಕ್ಕಾಗಿ ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್‌ಗೆ ಲಿನಕ್ಸ್ ಕರ್ನಲ್ಲಿನೊಳಗೆ ಜಾಗ ಸಿಕ್ಕಿದ್ದು 2019ರಲ್ಲಿ. ಒಂದು ಕಂಪ್ಯೂಟರಿನಲ್ಲಿ ಸೊಗಸಾಗಿ ತೆರೆಯುವ ಡ್ರೈವ್ ಹಳೆಯ ಟಿವಿಯಲ್ಲೋ ಕಾರಿನ ಪ್ಲೇಯರಿನಲ್ಲೋ ಸುಮ್ಮನಾಗುವುದು ಇದರಿಂದ. ಭಯದ ಕಥೆ 2008ರದು: ಕಾನ್‌ಫಿಕರ್ ಎಂಬ ಕಂಪ್ಯೂಟರ್ ಹುಳು ಪೆನ್ ಡ್ರೈವುಗಳ ಮೂಲಕವೂ ಹರಡಿತು, ಅಮೆರಿಕದ ಸೇನೆ ಅದೇ ವರ್ಷ ಇಂಥ ಸಾಧನಗಳನ್ನು ಕೆಲಕಾಲ ನಿಷೇಧಿಸಿತು, 2010ರಲ್ಲಿ ಸ್ಟಕ್ಸ್‌ನೆಟ್ ಎಂಬ ಇನ್ನೊಂದು ಹುಳು ಬೆಳಕಿಗೆ ಬಂತು. ಅಂದಿನಿಂದ ಬ್ಯಾಂಕು, ಕಚೇರಿಗಳಲ್ಲಿ ಯುಎಸ್‌ಬಿ ಸಂಗ್ರಹವನ್ನು ಮುಚ್ಚಿಡುವುದು ರೂಢಿಯಾಯಿತು. ವಿಂಡೋಸಿನ ರಿಜಿಸ್ಟ್ರಿಯಲ್ಲಿ ಯುಎಸ್‌ಬಿ-ಸ್ಟೋರ್ ಎಂಬಲ್ಲಿನ 3 ಎಂಬ ಅಂಕಿಯನ್ನು 4 ಮಾಡಿದರೆ ಪೆನ್ ಡ್ರೈವ್ ಕೆಲಸ ಮಾಡದು, ಮೌಸ್ ಮಾತ್ರ ಎಂದಿನಂತೆ ಓಡುತ್ತದೆ. ಅಲ್ಲಿ ಯಾವುದೂ ಕೆಟ್ಟಿಲ್ಲ, ಬೇಡವೆಂದು ಯಾರೋ ನಿರ್ಧರಿಸಿದ್ದಾರೆ ಅಷ್ಟೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ, ಹೊಸದು ಅಗ್ಗಕ್ಕೆ ಸಿಗುತ್ತದಲ್ಲ ಎನ್ನಬಹುದು. ಅಗ್ಗವಾದದ್ದು ಡ್ರೈವ್, ಅದರೊಳಗಿರುವ ಮಗುವಿನ ಫೋಟೋ, ಪ್ರಬಂಧದ ಕರಡು ಅಂಗಡಿಯಲ್ಲಿ ಸಿಗುವ ವಸ್ತುಗಳಲ್ಲ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಪೆನ್ ಡ್ರೈವುಗಳು ನಿಜವಾಗಿಯೂ ಸಾಯುತ್ತವೆ. ಒಪ್ಪಬೇಕಾದ ಮಾತು. ಫ್ಲ್ಯಾಶ್ ಸ್ಮೃತಿಗೆ ಬರೆಯುವ ಆಯುಷ್ಯದ ಮಿತಿಯಿದೆ. ಕಂಟ್ರೋಲರ್ ಚಿಪ್ ಕೆಟ್ಟರೆ ಡ್ರೈವ್ ಸೊನ್ನೆ ಬೈಟ್ ಎಂದು ತೋರಿಸಬಹುದು. ಇಲ್ಲದ ಗಾತ್ರವನ್ನು ಇದೆಯೆಂದು ಹೇಳುವಂತೆ ತಿದ್ದಿದ ನಕಲಿ ಮಾಲೂ ಮಾರುಕಟ್ಟೆಯಲ್ಲಿದೆ. ಆದರೆ ಸಾವನ್ನು ಸಾರುವ ಮೊದಲು ಉಳಿದ ಕಾರಣಗಳನ್ನು ತಳ್ಳಿಹಾಕಬೇಕು. ಸೊನ್ನೆ ಬೈಟ್ ತೋರಿಸುವ ಡ್ರೈವೂ ಪರಿಚಯದ ಹಂತ ದಾಟಿದೆ, ಎಲ್ಲೂ ಸುಳಿವೇ ಕೊಡದ ಡ್ರೈವ್ ಬಹುಶಃ ದಾಟಿಲ್ಲ. ಇವೆರಡನ್ನೂ ಒಂದೇ ಮಾತಿನಲ್ಲಿ ಹೋಯ್ತು ಎನ್ನುವುದು ತಪ್ಪು.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ‘ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದಾಗ ದಯವಿಟ್ಟು ಒಪ್ಪಿಗೆ ಒತ್ತಬೇಡಿ. ಲಿನಕ್ಸಿನಲ್ಲಿ ಸಿದ್ಧಪಡಿಸಿದ ಆರೋಗ್ಯವಂತ ಡ್ರೈವಿಗೂ ಅದು ಇದೇ ಮಾತು ಹೇಳಬಹುದು. ಮೊದಲು ಪೋರ್ಟ್ ಬದಲಿಸಿ, ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅಲ್ಲಿ ಅದರ ಸುಳಿವಿದೆಯೇ ಪರೀಕ್ಷಿಸಿ. ಸುಳಿವಿದ್ದರೆ ಕಡತಗಳನ್ನು ಹೊರತೆಗೆಯುವ ದಾರಿ ಹುಡುಕಿ. ಫಾರ್ಮ್ಯಾಟ್ ಏನಿದ್ದರೂ ಆಮೇಲೆ.